ರೇಲೀನ್‌ಳ ಹಳಸಿದ ಅನಾಟಮಿ

ಅಮೆರಿಕದ ನೆಬ್ರಾಸ್ಕಾದ ನಮ್ಮ ಊರಿನಲ್ಲಿ ರೇಲೀನ್ ಸ್ಟೋಲ್ಟ್ಸ್ ನರ್ಸ್ ಆಗಿಯೇ ಆಗುತ್ತಾಳೆಂದು ಎಲ್ಲರೂ ನಂಬಿದ್ದರು. ಆಗಲಿಲ್ಲ. ತಪ್ಪು ಅವಳದೇ ಎನ್ನುವವರ ಬಾಯಿಗೆ ಮಣ್ಣು ಹಾಕ.

ಅರೆಕಾಲಿಕ ಸೈನ್ಯವಾದ ನ್ಯಾಷನಲ್ ಗಾರ್ಡಿಗೆ ಮಕ್ಕಳನ್ನು ಸೇರಿಸಿಕೊಳ್ಳಲು ಹೈಸ್ಕೂಲಿನ ಊಟದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಸಾರ್ಜೆಂಟ್ ನೀಡಮ್‌ನ ಮಾತು ಬೆಣ್ಣೆಯಂತಿತ್ತು. "ತಿಂಗಳಿಗೆ ಒಂದು ಶನಿವಾರ ಭಾನುವಾರ ನ್ಯಾಷನಲ್ ಗಾರ್ಡಿಗೆ ಬಂದ್ರೆ ಸಾಕಮ್ಮ. ಉಳಿದ ದಿನ ಆರಾಮಾಗಿ ಓದ್ಕೋ. ಫೀಸಿನ ಚಿಂತೆ ನಮಗೆ ಬಿಡು," ಎಂದ. ಅಪ್ಪನಿಲ್ಲದ ಮನೆ, ಅಮ್ಮ ಲೋಯಿಸ್ ಮಾಂಸದ ಕಾರ್ಖಾನೆಯಲ್ಲಿ ದನ ಕತ್ತರಿಸುತ್ತಿದ್ದಳು. ರೇಲೀನ್ ಸಹಿ ಹಾಕಿದಳು.

ಕಾಲೇಜು ಸೇರಿ, ಪಾತ್ರೆ ತೊಳೆಯುತ್ತ ಮೈಯ ಎಲುಬುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ, ಅನಾಟಮಿಯಲ್ಲಿ ತರಗತಿಗೇ ಮೊದಲಿಗಳಾದಳು. ಮರುವರ್ಷವೇ ಇರಾಕಿಗೆ ಕರೆ. ಅಲ್ಲಿ ಲಾರಿ ಓಡಿಸಿ ಬಂದಳು. ನೀಡಮ್ ಹೇಳಿದ್ದ ಫೀಸು ಪೂರ್ತಿ ಫೀಸಾಗಿರಲಿಲ್ಲ. ಹೊರದೇಶದ ಸೇವೆಯ ತಿಂಗಳು ಹೆಚ್ಚಿದಷ್ಟೂ ಸರ್ಕಾರ ಕಟ್ಟುವ ಫೀಸಿನ ಪಾಲೂ ಹೆಚ್ಚುತ್ತದೆಂದು ಗೊತ್ತಾದಾಗ, ಸಾಲವಿಲ್ಲದೆ ಓದು ಮುಗಿಸೋಣವೆಂದು ತಾನಾಗಿಯೇ ಕೈಯೆತ್ತಿ ಎರಡು ಸಲ ಅಫ್ಘಾನಿಸ್ತಾನಕ್ಕೆ ಹೋದಳು. ಪೂರ್ತಿ ಫೀಸು ಸಂಪಾದಿಸಿಕೊಂಡು ಬಂದು ನೋಡಿದರೆ ಓದಿದ್ದೇ ಹಳಸಿಹೋಗಿತ್ತು. ಐದು ವರ್ಷಕ್ಕಿಂತ ಹಿಂದೆ ಪಾಸಾದ ಅನಾಟಮಿಯನ್ನು ನರ್ಸಿಂಗ್ ವಿಭಾಗ ಒಪ್ಪುವುದಿಲ್ಲ.

"ಯಾಕ್ರೀ, ಎಲುಬೇನಾದ್ರೂ ಬದಲಾಗಿದ್ಯಾ?" ಎಂದು ಆಫೀಸಿನಾಕೆಯನ್ನು ಕೇಳಿದಳು.

"ಏನ್ ಮಾಡ್ಲಿ, ನಿಯಮ. ನೀವು ದೇಶಸೇವೆ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್," ಎಂದಳು ಆಕೆ. ನಮ್ಮ ಕಡೆ ಬಾಗಿಲು ಮುಚ್ಚುವಾಗ ಹೇಳುವ ಮಾತು ಅದು.

ಮೂವತ್ತು ದಾಟಿದ ರೇಲೀನ್ ಚಿಕ್ಕ ಹುಡುಗಿಯರ ನಡುವೆ ಕೂತು ಅದೇ ಎಲುಬುಗಳನ್ನು ಮತ್ತೆ ಓದಿದಳು. ಪರೀಕ್ಷೆಗೆ ಮೂರು ವಾರವಿರುವಾಗ ಕುವೈತಿಗೆ ಹೊರಡಲು ಆದೇಶ ಬಂತು.

"ಮತ್ತೆ ಕೈಯೆತ್ತಿದ್ಯೇನೇ, ತಲೆ ಕೆಟ್ಟವಳೇ?" ಲೋಯಿಸ್ ರೇಗಿದಳು.

"ಇಲ್ಲಮ್ಮ, ಈ ಸಲ ಅವರೇ ಎಳ್ಕೊಂಡ್ರು."

ಆ ಶನಿವಾರ ಕಾಲೇಜಿನ ಫುಟ್‌ಬಾಲ್ ಪಂದ್ಯದ ಮಧ್ಯದಲ್ಲಿ, ಹೊರಡುವವರನ್ನೆಲ್ಲ ಸಮವಸ್ತ್ರದಲ್ಲಿ ಮೈದಾನಕ್ಕೆ ಕರೆಸಿ ನಿಲ್ಲಿಸಿದರು. ಜನವೆಲ್ಲ ಎದ್ದು ಒಂದೇ ಸಮ ಚಪ್ಪಾಳೆ. ಪಕ್ಕದಲ್ಲಿ ಕಾಲೇಜಿನ ಡೀನ್ ವಿಟ್‌ಕಾಂಬ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗದೆಂದು ರೇಲೀನ್ ಕೇಳಿಯೇಬಿಟ್ಟಳು.

"ಸಾರ್, ಬಂದ್ಮೇಲೆ ಪರೀಕ್ಷೆ ಒಂದು ಬರೀತೀನಿ. ಅಲ್ಲೀತನಕ ನನ್ನ ಈವರೆಗಿನ ಅಂಕ ಹಾಗೇ ಇಟ್ಟಿರ್ತೀರಾ?"

"ಒಬ್ಬರಿಗೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗತ್ತಮ್ಮ."

"ಎಲ್ಲರನ್ನೂ ಕಳಿಸ್ತೀರಾ ಸಾರ್ ಅಲ್ಲಿಗೆ?"

"ಕ್ಯಾಮೆರಾ ಆ ಕಡೆ ಇದೆ. ಸ್ವಲ್ಪ ನಗಮ್ಮ."

ರೇಲೀನ್ ಆ ಕಡೆ ತಿರುಗಿದಳು. ನಕ್ಕಳು.

ವರ್ಷ ಕಳೆದು ಬಂದವಳು ಮೂರನೆಯ ಸಲ ಅನಾಟಮಿಗೆ ಹೆಸರು ಕೊಡಲಿಲ್ಲ. ಅವಳ ಆ ನಗುಮುಖ ಮಾತ್ರ ಹೆದ್ದಾರಿ ಬದಿಯಲ್ಲಿ ನ್ಯಾಷನಲ್ ಗಾರ್ಡಿನ ದೊಡ್ಡ ಬೋರ್ಡಿನ ಮೇಲೆ ನಿಂತು ಊರ ಮಕ್ಕಳನ್ನು ಇವತ್ತಿಗೂ ಕರೆಯುತ್ತಿದೆ: 'ಸೇವೆಯೂ ಪದವಿಯೂ, ಎರಡೂ ನಿಮ್ಮದೇ.'