ಗಾಳಿ ತೆಗೆಯಿರಿ ಎಂದದ್ದಕ್ಕೆ

ಕೇಳಿರಯ್ಯಾ ಗೆಳೆಯರೇ, ನನ್ನ ರಕ್ತ ಇನ್ನೂ ಕುದಿಯುತ್ತಿದೆ!

ಇವತ್ತು ಹೆಂಡತಿಯ ತಮ್ಮ ಬಸವರಾಜನಿಗೆ ಹೆಣ್ಣು ನೋಡಲು ಶಹಾಪುರದಿಂದ ಕೆಂಭಾವಿಗೆ ಹೊರಟಿದ್ದೆವು. ಡೀಸೆಲ್ ಹಾಕಿಸೋ ಎಂದರೆ, "ಇನ್ನೂ ಐವತ್ತು ಕಿಲೋಮೀಟರ್ ಓಡ್ತದ, ಸುಮ್ಮ ಕುಂದರ್ರಿ ಮಾಮಾ" ಎಂದ ಮಹಾಶಯ. ನಡುದಾರಿಯಲ್ಲೇ ಕಾರು ನಿಂತಿತು!

ಯಾರೋ ಪುಣ್ಯಾತ್ಮರು ಕ್ಯಾನಿನಲ್ಲಿ ಡೀಸೆಲ್ ತಂದುಕೊಟ್ಟರು. ಹಾಕಿದರೂ ಇಂಜಿನ್ ಚಾಲೂ ಆಗಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಖಾದರ್‌ಸಾಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಗಾಳಿ ಹೊಕ್ಕದ್ರಿ ಸಾಹೇಬ್ರ. ಮೊದ್ಲ ಗಾಳಿ ತಗೀರಿ, ಆಮ್ಯಾಲ ಚಾವಿ ತಿರುವ್ರಿ."

ಬಾನೆಟ್ ಎತ್ತಿ, ಡೀಸೆಲ್ ಪೈಪಿನೊಳಗಿನ ಗಾಳಿ ಹೋಗಲೆಂದು ನಾನು ಕೈಪಂಪು ಒತ್ತುತ್ತಿದ್ದೆ. ಹಿಂದಿನಿಂದ ಬುಸ್ಸೆಂದು ಸದ್ದು! ನೋಡಿದರೆ ನಮ್ಮ ಮದುಮಗ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಏನ್ ಮಾಡಾಕತ್ತೀಯೋ ಖೋಡಿ!" ಎಂದು ಗುಡುಗಿದೆ.

"ನೀವೊಬ್ರೇ ಎಷ್ಟಂತ ಮಾಡ್ತೀರಿ ಮಾಮಾ? ಎರಡು ಗಾಲಿದು ತಗದೀನಿ, ಇನ್ನ ಎರಡು ಉಳದಾವ."

ಚಾವಿ ತಿರುವಿದೆ, ಇಂಜಿನ್ ಸಿಂಹದಂತೆ ಗರ್ಜಿಸಿತು. ಕಾರು ಮಾತ್ರ ಅಲ್ಲೇ ಕುಸಿದು ಕೂತಿತ್ತು. ಅಷ್ಟರಲ್ಲಿ ಹೆಣ್ಣಿನ ತಂದೆಯ ಫೋನು. ಗಾಡಿ ಕೆಟ್ಟು ತಡವಾಗುತ್ತಿದೆ ಎಂದೆ.

"ಚಿಂತಿ ಯಾಕ್ರಿ? ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡ್ಯಾನಲ್ಲ!"

ಹಲ್ಲು ಕಚ್ಚಿ ಹೇಳಿದೆ: "ಹೌದ್ರಿ, ಅದಕ್ಕ ತಡ ಆಗಾಕತ್ತದ."