ಮೋನಪ್ಪಣ್ಣ ಕಳುಹಿಸಿದ ಮೂರು ಮೆಟ್ಟಿಲು

ಮೂರು ವರ್ಷದ ಹಿಂದಿನ ಆಟಿ ತಿಂಗಳು, ಜೋರು ಮಳೆಗಾಲ. ನಾನು ಬಿ.ಸಿ.ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹತ್ತನೇ ಕ್ಲಾಸು ಪಾಸಾದದ್ದೇ ಮೂವತ್ತೊಂದನೇ ವಯಸ್ಸಿನಲ್ಲಿ. ಆಮೇಲೆ ವಿಡಿಯೋ ನೋಡಿ ನೋಡಿ ಆ್ಯಪ್ ಮಾಡಲು ಕಲಿತೆ. ಒಮ್ಮೆ ಬರೆದರೆ ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಓಡುವಂಥದ್ದು. ಒಬ್ಬನೇ ಕೂತು ಎರಡು ವರ್ಷ ಮಾಡಿದ ಆ ಆ್ಯಪ್ ಹೇಳುವುದು ಒಂದೇ ವಿಷಯ: ಬಂಟ್ವಾಳ ಪೇಟೆಯ ಹಿಂದೆ ನೇತ್ರಾವತಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಲ್ಲಿ ಇನ್ನೆಷ್ಟು ನೀರಿನ ಮೇಲೆ ಇವೆ ಎಂದು.

ಪೇಟೆಯವರಿಗೆ ಮೀಟರಿನ ಲೆಕ್ಕ ಬೇಡ. ಮೂರು ಮೆಟ್ಟಿಲು ಉಳಿಯಿತು ಎಂದರೆ ಗೋಣಿಗಳನ್ನು ಅಟ್ಟಕ್ಕೆ ಏರಿಸುತ್ತಾರೆ, ಅಷ್ಟೆ. ಆ ಲೆಕ್ಕ ಕೊಡುತ್ತಿದ್ದವರು ಮೊದಲು ದೋಣಿ ನಡೆಸುತ್ತಿದ್ದ ಮೋನಪ್ಪಣ್ಣ. ಅವರ ಮನೆ ಆ ಮೆಟ್ಟಿಲುಗಳ ಪಕ್ಕದಲ್ಲೇ. ಮೊದಲೆಲ್ಲ ಪೇಟೆಗೆ ಬಂದು ಕೂಗಿ ಹೇಳುತ್ತಿದ್ದರು. ಆ್ಯಪ್ ಬಂದ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಸಿ ಅದರಲ್ಲಿ ಹಾಕುತ್ತಿದ್ದರು.

ಆ ಆಟಿಯ ಒಂದು ಬೆಳಿಗ್ಗೆ ನದಿಯಿಂದ ಬಂದವರು ಚಾ ಕುಡಿಯುತ್ತಾ ಕೂತಲ್ಲೇ ಹೋದರು. ಹೃದಯಾಘಾತ. ಚಿತೆಗೆ ಕಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ.

ಐದನೇ ದಿನ ಬೆಳಿಗ್ಗೆ ಅಂಗಡಿಯಲ್ಲಿದ್ದೆ. ಪರೀಕ್ಷೆಗೆಂದು ಇಟ್ಟ ಎರಡೂ ಜಾತಿಯ ಫೋನು ಒಟ್ಟಿಗೆ ಟಿಣ್ ಎಂದವು. ‘ಮೋನಪ್ಪ: ಒಂಬತ್ತು ಮೆಟ್ಟಿಲು. ಈಗ.’ ನೋಡುತ್ತಿದ್ದಂತೆ ಇನ್ನೊಂದು: ‘ಹತ್ತು ಮೆಟ್ಟಿಲು. ಈಗ.’ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ: ‘ಮೂರು ಮೆಟ್ಟಿಲು. ಈಗ.’

ಪೇಟೆಯಲ್ಲಿ ಅಕ್ಕಿ, ಮೆಣಸು ಮಾರುವ ಹಮೀದಾಕ ಫೋನ್ ಮಾಡಿದರು. “ಎಂತ ಮಾರಾಯ ಇದು? ಮೋನಪ್ಪಣ್ಣ ಅಲ್ಲಿಂದಲೂ ಡ್ಯೂಟಿ ಮಾಡ್ತಾರಾ?” ಮಾತು ತಮಾಷೆಯದ್ದು, ಸ್ವರ ಮಾತ್ರ ತಮಾಷೆಯದ್ದಲ್ಲ.

ಬೈಕ್ ಹತ್ತಿ ಹೋದೆ. ಮಳೆ ಇರಲಿಲ್ಲ. ಒಂಬತ್ತು ಮೆಟ್ಟಿಲು ನೀರಿನ ಮೇಲೆಯೇ ಇದ್ದವು. ಮನೆಯೊಳಗೆ ಮೋನಪ್ಪಣ್ಣನ ಅಂಗಿ ಗೂಟದಲ್ಲಿತ್ತು, ಫೋನು ಅದರ ಜೇಬಿನಲ್ಲಿ.

“ಬೊಜ್ಜ ಆಗುವವರೆಗೆ ಅವರ ಸಾಮಾನು ಮುಟ್ಟುವುದು ಬೇಡ ಅಂತ ಹಾಗೇ ಬಿಟ್ಟದ್ದು,” ಎಂದರು ಅವರ ಹೆಂಡತಿ ಲಲಿತಕ್ಕ. ಬೊಜ್ಜ ಎಂದರೆ ನಮ್ಮಲ್ಲಿ ಉತ್ತರಕ್ರಿಯೆ. “ದುಬೈಯಿಂದ ನನ್ನ ತಮ್ಮ, ಬಾವನ ಫೋಟೋ ಕಳಿಸು ಅಂತ ಒಂದೇ ಹಠ. ಅದಕ್ಕೆ ಇವತ್ತು ಚಾರ್ಜ್ ಮಾಡಿ ನೆಟ್ ಆನ್ ಮಾಡಿದೆ.”

ನನಗೆ ಗೊತ್ತಾಯಿತು. ತಪ್ಪು ನನ್ನದೇ. ನೆಟ್ ಇಲ್ಲದಾಗ ಬರೆದದ್ದು ಫೋನಿನೊಳಗೇ ಕಾಯುತ್ತದೆ, ನೆಟ್ ಬಂದಾಗ ಹೊರಡುತ್ತದೆ. ಬರೆದ ಹೊತ್ತಿನ ಬದಲು ತಲುಪಿದ ಹೊತ್ತನ್ನು ತೋರಿಸುವ ಹಾಗೆ ನಾನು ಮಾಡಿದ್ದೆ. ಫೋನ್ ತೆರೆದು ನೋಡಿದರೆ ಎಲ್ಲವೂ ಅವರ ಕೊನೆಯ ಎರಡು ದಿನ ನೆಟ್ ಇಲ್ಲದೆ ಉಳಿದ ಹಳೆಯವೇ. ಆದರೆ ಆ ‘ಮೂರು’ ಬರೆದದ್ದು ಅವರು ತೀರಿಹೋದ ಬೆಳಿಗ್ಗೆ. ಅವತ್ತೂ ಒಂಬತ್ತು ಮೆಟ್ಟಿಲು ಇದ್ದದ್ದನ್ನು ನಾನೇ ನೋಡಿದ್ದೆ.

“ಕೈ ನಡುಗಿ ತಪ್ಪು ಒತ್ತಿರಬೇಕು ಅಕ್ಕ,” ಎಂದೆ.

“ಇಲ್ಲಪ್ಪ. ‘ಮೂರು ಹಾಕಿದ್ದೇನೆ’ ಅಂತ ನನ್ನ ಹತ್ತಿರ ಹೇಳಿದರು. ‘ಒಂಬತ್ತು ಕಾಣ್ತದಲ್ಲ’ ಅಂತ ಕೇಳಿದೆ. ಅಷ್ಟರಲ್ಲಿ ಗ್ಲಾಸು ಬಿತ್ತು.”

ಆದರೂ ಅಲ್ಲೇ ನಿಂತು ಆ್ಯಪಿನಲ್ಲಿ ಹಾಕಿದೆ: ‘ಇದು ಹಳೆಯ ಲೆಕ್ಕ. ಯಾರೂ ಹೆದರಬೇಡಿ.’ ಹಮೀದಾಕನಿಗೂ ಹೇಳಿದೆ.

“ನೀನು ಹೇಳುವುದು ಸರಿ ಇರಬಹುದು ಪುರಂದರ,” ಎಂದರು. “ಆದರೆ ಮೋನಪ್ಪಣ್ಣ ಮೂರು ಹೇಳಿ ನಾನು ಸುಮ್ಮನೆ ಕೂತದ್ದು ಈವರೆಗೆ ಇಲ್ಲ. ಗೋಣಿ ಎತ್ತುತ್ತೇನೆ.”

ಘಟ್ಟದಲ್ಲಿ ಎಲ್ಲಿ ಮಳೆ ಹೊಡೆಯಿತೋ, ಸಂಜೆ ನಾಲ್ಕಕ್ಕೆ ನದಿ ಕೆಂಪಾಯಿತು. ಕತ್ತಲಾಗುವ ಮೊದಲೇ ಉಳಿದದ್ದು ಮೂರು ಮೆಟ್ಟಿಲು. ಆಮೇಲೆ ಅದೂ ಇಲ್ಲ. ಹಮೀದಾಕನ ಒಂದು ಗೋಣಿಯೂ ಒದ್ದೆಯಾಗಲಿಲ್ಲ. ನನ್ನ ಮಾತು ನಂಬಿದ ಪಕ್ಕದ ಅಂಗಡಿಯವರ ಸಕ್ಕರೆ, ಬೆಲ್ಲ ಎಲ್ಲ ಕರಗಿತು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹೊತ್ತು ತೋರಿಸುವ ತಪ್ಪನ್ನು ಆ ವಾರವೇ ಸರಿ ಮಾಡಿದೆ. ಈಗ ಲಲಿತಕ್ಕ ಮೆಟ್ಟಿಲು ಎಣಿಸುತ್ತಾರೆ, ಅದೇ ಫೋನಿನಿಂದ. “ಹೆಸರು ಬದಲಾಯಿಸಿ ಕೊಡ್ತೇನೆ ಅಕ್ಕ,” ಎಂದಿದ್ದೆ. “ಇರಲಿ ಬಿಡು. ಪೇಟೆಯವರಿಗೆ ಅಭ್ಯಾಸ ಉಂಟಲ್ಲ,” ಎಂದರು.

ಹಾಗಾಗಿ ದಿನಕ್ಕೆ ಎರಡು ಸಲ ನನ್ನ ಮೇಜಿನ ಮೇಲೆ ‘ಮೋನಪ್ಪ’ ಎಂದು ಬರುತ್ತದೆ. ಬರೆದವರು ಲಲಿತಕ್ಕ ಎಂದು ಗೊತ್ತಿದ್ದರೂ ಸಂಖ್ಯೆ ನೋಡುವ ಮೊದಲು ಕೈ ಒಮ್ಮೆ ನಿಲ್ಲುತ್ತದೆ. ಮೂರು ಎಂದು ಬಂದ ದಿನ ನಾನು ಮೆಟ್ಟಿಲು ಎಣಿಸಲು ಹೋಗುವುದಿಲ್ಲ. ಮೊದಲು ಪೇಟೆಗೆ ಫೋನ್ ಮಾಡುತ್ತೇನೆ.