ವಾಪಸು ಬಂದ ಒಂದೇ ರಿಪೇರಿ

ರಿಪೇರಿ ಮಾಮನ ಉಗುರುಗಳೆಲ್ಲ ಗ್ರೀಸು ಮೆತ್ತಿ ಕಪ್ಪಾಗಿರುತ್ತಿದ್ದವು, ಬಲಗೈ ಕಿರುಬೆರಳಿನದೊಂದನ್ನು ಬಿಟ್ಟು. ಅದನ್ನು ಅರ್ಧ ಇಂಚು ಬೆಳೆಸಿ, ತೊಳೆದು, ಹಳೆಯ ಬನಿಯನ್ನಿನಲ್ಲಿ ಒರೆಸಿ ಇಟ್ಟುಕೊಳ್ಳುತ್ತಿದ್ದರು. ಮುದ್ದೆ ಮುರಿಯುವಾಗಲೂ ಆ ಬೆರಳು ತಟ್ಟೆಗೆ ತಾಗದಂತೆ ಎತ್ತಿ ಹಿಡಿಯುತ್ತಿದ್ದರಿಂದ, ಊಟದ ನಡುವೆ ಯಾರಿಗೋ ಎಚ್ಚರಿಕೆ ಕೊಡುತ್ತಿರುವಂತೆ ಕಾಣುತ್ತಿತ್ತು.

ಬುಕ್ಕಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ. ಔಷಧಿ ಹೊಡೆಯುವ ಪಂಪು, ಮಿಕ್ಸಿ, ಜನರೇಟರು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಯಂತ್ರ ತಂದವರು ಕೆಲಸ ಮುಗಿಯುವವರೆಗೆ ಎದುರಿಗೇ ನಿಂತಿರಬೇಕು, ಫೋನು ನೋಡಬಾರದು. "ಮಿಷನ್ ಸುಳ್ಳೇಳಲ್ಲ ಕಣಮ್ಮ, ತಂದೋರು ಹೇಳ್ತಾರೆ" ಎನ್ನುತ್ತಿದ್ದರು. ತಮ್ಮ ಕೈಯಿಂದ ಹೋದ ರಿಪೇರಿ ಒಂದೂ ವಾಪಸು ಬಂದಿಲ್ಲವೆಂದು ಚಹಾದಂಗಡಿಯವನಿಂದ ಕಂಡಕ್ಟರ್‌ವರೆಗೆ ಎಲ್ಲರಿಗೂ ಹೇಳಿದ್ದರು.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಮನೆಯಲ್ಲೇ ನಾಟಿ ಕೋಳಿಯ ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆ ಇಟ್ಟಿದ್ದೆ. ಮೊದಲ ಸಲ ಒಂದು ಮರಿಯೂ ಬಂದಿರಲಿಲ್ಲ. ಎರಡನೆಯ ಸಲವೂ ಹಾಗೇ ಆದರೆ ಪೆಟ್ಟಿಗೆ ಮಾರಿ ಬಿ.ಎಡ್. ಸೇರುವುದೆಂದು ಅಪ್ಪನಿಗೆ ಒಪ್ಪಿಕೊಂಡಿದ್ದೆ. ಎರಡನೆಯ ಸಲ ಇಟ್ಟ ಇನ್ನೂರು ಮೊಟ್ಟೆಗಳ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರ್ ಹಚ್ಚಿದರೆ ಕಾರ್ಬೊರೇಟರಿನಿಂದ ಪೆಟ್ರೋಲು ತೊಟ್ಟಿಕ್ಕತೊಡಗಿತು. ಅಮ್ಮ ಒಂದು ಕಡೆಗೆ ಇಟ್ಟಿಗೆ ಕೊಟ್ಟು ಅದನ್ನು ವಾಲಿಸಿ, ಇಳಿದ ಕಡೆ ಬಟ್ಟಲಿಟ್ಟಳು. ಒಂದು ಹನಿಯೂ ಮಣ್ಣುಪಾಲಾಗಲಿಲ್ಲ. ಜನರೇಟರ್ ಮಾತ್ರ ನಿಂತಿತು.

ಮೊಟ್ಟೆಗಳಿಗೆ ಕಂಬಳಿ ಹೊದಿಸಿ, ಜನರೇಟರನ್ನು ಸ್ಕೂಟರಿನಲ್ಲಿ ಮಾಮನ ಬಳಿಗೆ ಒಯ್ದೆ.

"ಎಲ್ಲಿ ತಗಂಡೆ ಇದ್ನ?"

"ಶಿರಾದಲ್ಲಿ."

"ಕೊಟ್ಟೋನು ನಗ್ತಿದ್ನಾ?"

ನೆನಪಿಸಿಕೊಂಡು, "ಸ್ವಲ್ಪ" ಎಂದೆ.

ಕಾರ್ಬೊರೇಟರ್ ಬಿಚ್ಚಿ ಒಳಗಿನ ಪುಟ್ಟ ಸೂಜಿಯನ್ನು ತೆಗೆದರು. ಒಳಗೆ ಪೆಟ್ರೋಲು ತುಂಬುತ್ತಲೂ ತೇಲುಬುರುಡೆ ಮೇಲೆದ್ದು ಈ ಸೂಜಿಯಿಂದ ದಾರಿ ಮುಚ್ಚಿಸಬೇಕು. ಅವರು ಕಣ್ಣು ಮುಚ್ಚಿ ಕಿರುಬೆರಳಿನ ಉಗುರನ್ನು ಸೂಜಿಯ ತುದಿಯ ಮೇಲೆ ಎಳೆದರು.

"ಸವ್ದೋಗೈತೆ. ನೋಡು, ಉಗ್ರು ತಡೀತೈತೆ."

ನನ್ನ ಉಗುರಿಗೆ ಏನೂ ತಡೆಯಲಿಲ್ಲ.

"ನಿಂದು ಓದಿದ ಉಗ್ರು, ಬುಡು" ಎಂದು ಹೊಸ ಸೂಜಿ ಹಾಕಿದರು. ಅಂಗಡಿಯಲ್ಲಿ ಅರ್ಧ ಗಂಟೆ ಓಡಿದರೂ ಒಂದು ಹನಿ ಬೀಳಲಿಲ್ಲ.

ಮನೆಯಲ್ಲಿ ನಾನು ಮೊಟ್ಟೆಗಳ ಶಾಖ ನೋಡಲು ಒಳಗೆ ಹೋದೆ. ಜನರೇಟರನ್ನು ಅಮ್ಮ ಅಂಗಳದಲ್ಲಿಟ್ಟು ಹಚ್ಚಿದಳು. ಹತ್ತು ನಿಮಿಷಕ್ಕೆ ಮತ್ತೆ ಸೋರಿತು. ನನಗೆ ಅಳು ಬರುವಂತಾಗಿ ಮಾಮನಿಗೆ ಫೋನು ಮಾಡಿದೆ. "ವಾಪಸ್ ಬಂತಾ?" ಎಂದು, ಸಾವಿನ ಸುದ್ದಿ ಕೇಳುವವರಂತೆ ಕೇಳಿದರು.

ಅಂಗಡಿ ಮುಚ್ಚಿ ತಾವೇ ಬಂದರು. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೊದಲು ಬಟ್ಟಲು ನೋಡಿದರು, ಆಮೇಲೆ ಇಟ್ಟಿಗೆ ನೋಡಿದರು.

"ಇದ್ಯಾಕಕ್ಕ?"

"ಮತ್ತೆ ಸೋರುದ್ರೆ ಬಟ್ಲಿಗೇ ಬೀಳ್ಲಿ ಅಂತ" ಎಂದಳು ಅಮ್ಮ.

ಜನರೇಟರ್ ಓರೆಯಾಗಿ ನಿಂತಿದ್ದರಿಂದ ತೇಲುಬುರುಡೆ ನೆಟ್ಟಗೆ ಏಳಲಾಗದೆ, ಹೊಸ ಸೂಜಿಯೂ ದಾರಿ ಮುಚ್ಚುತ್ತಿರಲಿಲ್ಲ. ಮಾಮ ಬಾಯಿ ತೆರೆಯುವ ಮೊದಲೇ ಅಪ್ಪ ಹೊಲದಿಂದ ಬಂದು ಅಮ್ಮನತ್ತ ತಿರುಗಿದರು.

"ಮತ್ತೆ ಕೆಟ್ಟೋಯ್ತಾ? ಏನೇ ಮಾಡ್ದೆ ನೀನು? ಇನ್ನೂರು ಮೊಟ್ಟೆ ಹಾಳಾದ್ರೆ ನೀನೇ ಜವಾಬ್ದಾರಿ."

ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಮಾಮ ಜನರೇಟರನ್ನು ಒಂದು ಕೈಯಲ್ಲಿ ಎತ್ತಿ, ಕಾಲಿನಿಂದ ಇಟ್ಟಿಗೆಯನ್ನು ಗೋಡೆಯ ಕಡೆ ತಳ್ಳಿದರು.

"ಅಕ್ಕಂದೇನಿಲ್ಲ ಕಣಣ್ಣ. ನಂದೇ ತಪ್ಪು. ಸೂಜಿ ಸರಿಯಾಗಿ ಕೂರ್ಸಿರ್ಲಿಲ್ಲ."

ಅಪ್ಪನಿಗೂ ನಂಬಲಾಗಲಿಲ್ಲ. "ನಿಂದು ವಾಪಸ್ ಬರಲ್ವಲ್ಲೋ?"

"ಬಂತಲ್ಲ, ಈಗ."

ಆಮೇಲೆ ಇಪ್ಪತ್ತು ನಿಮಿಷ ಕಾರ್ಬೊರೇಟರನ್ನು ಬಿಚ್ಚಿ ಜೋಡಿಸಿದರು. ಏನನ್ನೂ ಬದಲಿಸಲಿಲ್ಲ. ನಿಯಮದಂತೆ ಎದುರಿಗೇ ನಿಂತಿದ್ದ ನಾನು ಎಲ್ಲವನ್ನೂ ನೋಡಿದೆ. ಅವರು ಮಾತ್ರ ನನ್ನತ್ತ ನೋಡಲಿಲ್ಲ.

ಎರಡು ದಿನದ ನಂತರ ನೂರ ನಲವತ್ತಾರು ಮರಿಗಳು ಬಂದವು. ನಾನು ಬಿ.ಎಡ್.ಗೆ ಅರ್ಜಿ ಹಾಕಲಿಲ್ಲ. ಅಪ್ಪ ಮಾತ್ರ ಮಾಮ ಸೋತ ಕಥೆಯನ್ನು ಬುಕ್ಕಾಪಟ್ಟಣಕ್ಕೆಲ್ಲ ಹಂಚಿದರು. ಚಹಾದಂಗಡಿಯಲ್ಲಿ ಯಾರಾದರೂ ಛೇಡಿಸಿದರೆ ಮಾಮ, "ಹೂಂ, ಒಂದು ಬಂದೈತೆ" ಎಂದು ಒಪ್ಪಿಕೊಂಡು ಚಹಾ ಕುಡಿಯುತ್ತಿದ್ದರಂತೆ.

ಹೋದ ವರ್ಷ ಎದೆನೋವೆಂದು ಶಿರಾದ ಆಸ್ಪತ್ರೆಗೆ ಹೋದ ಮಾಮ ತಿರುಗಿ ಬರಲಿಲ್ಲ. ಹನ್ನೊಂದನೆಯ ದಿನ ಅಮ್ಮನೂ ನಾನೂ ಅವರ ಮನೆಗೆ ಹೋದೆವು. ಅಮ್ಮ ಅವರ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಹೇಳಿದಳು:

"ಅವತ್ತಿನ ತಪ್ಪು ನಿಮ್ಮೆಜಮಾನ್ರುದಲ್ಲ ಕಣಕ್ಕ. ಇಟ್ಟಿಗೆ ಇಟ್ಟೋಳು ನಾನು."

"ಗೊತ್ತು ಕಣಮ್ಮ" ಎಂದರು ಆಕೆ. "ಅವತ್ತು ಮನೇಗ್ ಬಂದು ನಕ್ಕೂ ನಕ್ಕೂ ಮುದ್ದೆ ಗಂಟ್ಲಲ್ಲಿ ಸಿಕ್ಕಾಕ್ಕಂಡಿತ್ತು. ನಾನೇ ಬೆನ್ನಿಗ್ ಗುದ್ದಿದ್ದು."